ಕನ್ನಡಿ, ಗಾಜು, ಪರದೆ: ಮ್ಯೂಸಿಯಂ ಡಿಜಿಟಲ್ ಆದ ಮೇಲೆ ನಾವು ನೋಡುತ್ತಿರುವುದೇನು?

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ನೀವು ಹೋಗಿದ್ದರೆ ಆ ಮರದ ಜೋಡಿ ವಿಗ್ರಹ ನಿಮಗೆ ನೆನಪಿರಬೇಕು. ಎದುರಿನಿಂದ ನೋಡಿದರೆ ಎದೆ ಸೆಟೆಸಿ ನಿಂತ ಗಂಡಸು, ಮೆಫಿಸ್ಟೋಫಿಲಿಸ್. ಅವನ ಬೆನ್ನಿಗೇ, ಅದೇ ಮರದ ತುಂಡಿನಲ್ಲಿ, ತಲೆ ತಗ್ಗಿಸಿ ನಿಂತ ಹೆಣ್ಣು, ಮಾರ್ಗರೆಟಾ. ಇಬ್ಬರೂ ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ ಪಾತ್ರಗಳು. ಒಂದು ಮುಖ ಕಂಡರೆ ಇನ್ನೊಂದು ಕಾಣದು. ಅದಕ್ಕೆ ಮ್ಯೂಸಿಯಂನವರು ಏನು ಮಾಡಿದ್ದಾರೆ? ಹಿಂದೆ ಒಂದು ಕನ್ನಡಿ ಇಟ್ಟಿದ್ದಾರೆ. ಅಷ್ಟೇ. ಕರೆಂಟ್ ಬೇಡ, ಚಾರ್ಜ್ ಬೇಡ, ಆ್ಯಪ್ ಬೇಡ, ಓಟಿಪಿ ಬೇಡ. ಅಕ್ಷರ ಬಾರದ ಅಜ್ಜಿಯೂ, ಆರು ವರ್ಷದ ಮಗುವೂ ನಿಂತ ಜಾಗದಿಂದಲೇ ಎರಡು ಮುಖವನ್ನೂ ನೋಡುತ್ತಾರೆ. ನೋಡಿ, "ಅರೆ!" ಅನ್ನುತ್ತಾರೆ. ಆಮೇಲೆ ಕನ್ನಡಿಯನ್ನು ಮರೆತು ಮತ್ತೆ ವಿಗ್ರಹವನ್ನೇ ನೋಡುತ್ತಾರೆ.

ಮ್ಯೂಸಿಯಂಗಳ ಡಿಜಿಟಲ್ ಸುಧಾರಣೆಯ ಬಗ್ಗೆ ಈಗ ಎಲ್ಲೆಲ್ಲೂ ಮಾತು. ಕ್ಯೂಆರ್ ಕೋಡ್, ಟಚ್ ಸ್ಕ್ರೀನ್, ಕಣ್ಣಿಗೆ ಕಟ್ಟುವ ವಿಆರ್ ಪೆಟ್ಟಿಗೆ, ಮಾತಾಡುವ ಯಂತ್ರ. ನಾನು ಇವುಗಳ ವೈರಿ ಅಲ್ಲ. ಹೈದರಾಬಾದಿನಲ್ಲಿ ಉರ್ದು, ಕನ್ನಡ ಎರಡನ್ನೂ ಕಲಿಸುವ ಶಿಕ್ಷಕಿ ನಾನು, ದಿನಕ್ಕೆ ಮೂರು ಪೀರಿಯಡ್ ಪ್ರೊಜೆಕ್ಟರ್ ಇಟ್ಟುಕೊಂಡೇ ಪಾಠ ಮಾಡ್ತೀನಿ. ಆದರೆ ಯಾವ ಹೊಸ ಸಲಕರಣೆ ನೋಡಿದರೂ ಆ ಕನ್ನಡಿಯ ಪಕ್ಕ ಇಟ್ಟು ಅಳೆಯುವುದು ನನ್ನ ಅಭ್ಯಾಸ. ಇದು ನನ್ನನ್ನು ವಸ್ತುವಿನ ಹತ್ತಿರ ತಂದು ಬಿಟ್ಟಿತಾ, ಅಥವಾ ವಸ್ತುವಿನ ಜಾಗದಲ್ಲಿ ತಾನೇ ಕೂತುಕೊಂಡಿತಾ?

ಬಿ.ಎಡ್. ಮಾಡುವಾಗ ನಮಗೆ ಬೋಧನೋಪಕರಣ ಅಂತ ಒಂದು ಭಾಗ ಇತ್ತು. ನಾನು ರಾತ್ರಿಯೆಲ್ಲ ಕೂತು ಚಾರ್ಟಿಗೆ ಬಣ್ಣ ಹಚ್ಚಿ, ಥರ್ಮೋಕೋಲ್ ಕೊರೆದು ಒಂದು ಕೋಟೆ ಮಾಡಿಕೊಂಡು ಹೋಗಿದ್ದೆ. ಪಾಠ ಮುಗಿದ ಮೇಲೆ ನಮ್ಮ ಮೇಷ್ಟ್ರು, "ಕೋಟೆ ಛಲೋ ಅದ ಬೇಟಿ, ಪಾಠ ಎಲ್ಲಿ?" ಅಂದರು. ಆ ಮಾತು ಈಗಲೂ ಚುಚ್ಚುತ್ತದೆ. ಡಿಜಿಟಲ್ ಮ್ಯೂಸಿಯಂಗಳನ್ನು ನೋಡಿದಾಗೆಲ್ಲ ಅದೇ ಮಾತು ನನ್ನ ಬಾಯಿಗೆ ಬರುತ್ತದೆ.

ಕಳೆದ ವರ್ಷದ ಒಂದು ಅನುಭವ ಹೇಳಿ ಮುಂದೆ ಹೋಗ್ತೀನಿ. ಮಕ್ಕಳನ್ನು ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಯಾವ ಊರು, ಯಾವ ಮ್ಯೂಸಿಯಂ ಅಂತ ಬೇಡ, ಅಲ್ಲಿ ಬಾಗಿಲಲ್ಲಿ ಕೂತ ಬಡಪಾಯಿಗಳಿಗೆ ಸುಮ್ಮನೆ ಮಾತು ಬರುತ್ತದೆ. ಪ್ರತಿ ಗಾಜಿನ ಪೆಟ್ಟಿಗೆಗೂ ಒಂದು ಕ್ಯೂಆರ್ ಚೌಕ ಅಂಟಿಸಿದ್ದರು. ಮಕ್ಕಳು ಮೂವತ್ತನಾಲ್ಕು, ಫೋನು ನಾಲ್ಕು. ನಾಲ್ಕೂ ಟೀಚರುಗಳದೇ. ಗೋಡೆ ಹಳೆಯ ಕಲ್ಲಿನದು, ಒಳಗೆ ನೆಟ್‌ವರ್ಕ್ ಇಲ್ಲ. ಕಿಟಕಿಯ ಹತ್ತಿರ ಹೋಗಿ ಹಿಡಿದರೆ ಒಂದು ಗೆರೆ ಬರುತ್ತಿತ್ತು, ಆದರೆ ಕಿಟಕಿಯ ಹತ್ತಿರ ಕೋಡ್ ಇರಲಿಲ್ಲ! ಕೊನೆಗೆ ಒಂದು ತೆರೆದುಕೊಂಡಿತು. ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಬೇಕಾದ ಇಂಗ್ಲಿಷ್ ಪುಟ. ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ ಏನಿತ್ತೋ ಅದೇ ಅದರಲ್ಲೂ ಇತ್ತು. ದೊಡ್ಡ ಹಾಲಿನಲ್ಲಿ ಒಂದು ಟಚ್ ಸ್ಕ್ರೀನ್ ಇತ್ತು, 'ಅಪ್‌ಡೇಟ್ ಆಗುತ್ತಿದೆ' ಅಂತ ನಿಂತುಬಿಟ್ಟಿತ್ತು. ಯಾವಾಗಿನಿಂದ ಅಂತ ಕೇಳಿದರೆ ಕಾವಲಿನ ಚಾಚಾ ನಕ್ಕರು. ಏಳನೇ ಕ್ಲಾಸಿನ ಹುಡುಗನೊಬ್ಬ ಫೋನನ್ನು ಅಲ್ಲಾಡಿಸುತ್ತಾ, "ಟೀಚರ್, ಇಸ್ಮೆ ಕುಚ್ ಬೀ ನೈ ಆರಾ" ಅಂದ. ಇದರಲ್ಲಿ ಏನೂ ಬರ್ತಾ ಇಲ್ಲ. ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿ ಗಾಜಿನ ಆಚೆ ಒಂದು ಕತ್ತಿ ಇತ್ತು. ಅದರ ಹಿಡಿಯ ಮೇಲೆ ಅವನಿಗೆ ಓದಲು ಬರುವ ಲಿಪಿಯಲ್ಲೇ ಏನೋ ಕೆತ್ತಿತ್ತು. ಅವನು ಅದನ್ನು ನೋಡಲೇ ಇಲ್ಲ.

ತಂತ್ರಜ್ಞಾನ ಕೆಟ್ಟು ನಿಂತದ್ದು ನನ್ನ ದೂರಲ್ಲ. ಉದ್ಘಾಟನೆಗೆ ಹಣ ಇರುತ್ತದೆ, ರಿಪೇರಿಗೆ ಇರುವುದಿಲ್ಲ. ಇದು ನಮ್ಮ ಶಾಲೆಯ ಕಂಪ್ಯೂಟರ್ ರೂಮಿನ ಕಥೆಯೂ ಹೌದು. ಅದು ಸರಿಯಾಗಿ ನಡೆದಿದ್ದರೂ ಆ ಹುಡುಗ ಕತ್ತಿ ನೋಡುತ್ತಿರಲಿಲ್ಲ, ದೂರು ಅದು. ಆ ಚೌಕದ ಹಿಂದೆ ಇದ್ದವರು "ಹಿಡಿಯ ಮೇಲಿನ ಅಕ್ಷರ ಕಂಡಿತಾ? ಓದಲು ನೋಡು" ಅಂತ ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಈಗ ಸಾಲಾರ್ ಜಂಗ್‌ಗೆ ಮರಳಿ ಬರೋಣ. ಉದಾಹರಣೆಗೆ ಅದನ್ನೇ ಹಿಡಿದುಕೊಂಡದ್ದಕ್ಕೆ ಕಾರಣ ಇದೆ. ಕಲ್ಯಾಣ ಕರ್ನಾಟಕದವರಿಗೆ, ಅದರಲ್ಲೂ ನಮ್ಮಂಥ ಬೀದರ್ ಕಡೆಯವರಿಗೆ ಅದು ಪರವೂರಿನ ಮ್ಯೂಸಿಯಂ ಅಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಸಾಲಾರ್ ಜಂಗ್ ಮನೆತನದ ಹಿಂದಿನವರು ಬಿಜಾಪುರದ ಆದಿಲ್ ಶಾಹಿ ದರ್ಬಾರಿನಲ್ಲಿ ಇದ್ದವರು. ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, 1912ರಿಂದ 1914ರವರೆಗೆ ಏಳನೇ ನಿಜಾಮರ ದಿವಾನರಾಗಿದ್ದು, ಆಮೇಲೆ ಬದುಕೆಲ್ಲ ವಸ್ತು ಕೂಡಿಸುವುದರಲ್ಲೇ ಕಳೆದರು. ಮದುವೆಯಾಗಲಿಲ್ಲ. 1949ರಲ್ಲಿ ತೀರಿಕೊಂಡರು. 1951ರ ಡಿಸೆಂಬರ್ 16ರಂದು ಅವರ ದಿವಾನ್ ದೇವಡಿಯಲ್ಲೇ ನೆಹರೂ ಮ್ಯೂಸಿಯಂ ತೆರೆದರು. 1968ರಲ್ಲಿ ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಅದು ಬಂತು.

ಅಲ್ಲಿ ಸಂಗೀತ ಗಡಿಯಾರ ಇದೆ ಅಂತ ಎಲ್ಲರಿಗೂ ಗೊತ್ತು. ಗಂಟೆ ಹೊಡೆಯುವ ಮೊದಲು ಗಡ್ಡದ ಪುಟ್ಟ ಗೊಂಬೆಯೊಂದು ಬಾಗಿಲು ತೆರೆದು ಬಂದು, ಎಷ್ಟು ಗಂಟೆಯೋ ಅಷ್ಟು ಸಲ ಬಾರಿಸಿ ಒಳಗೆ ಹೋಗುತ್ತದೆ. ಅದಕ್ಕಾಗಿ ಜನ ಮೊದಲೇ ಬಂದು ಜಾಗ ಹಿಡಿಯುತ್ತಾರೆ. ಗುಲ್ಬರ್ಗಾದ ರೈತರು, ಹಳೇ ಶಹರದ ಹೆಂಗಸರು, ದೆಹಲಿಯಿಂದ ಬಂದ ಕಾಲೇಜು ಹುಡುಗರು, ಎಲ್ಲ ಒಂದೇ ಕಡೆ ಕತ್ತು ಎತ್ತಿಕೊಂಡು ಕಾಯುವುದನ್ನು ನೋಡುವುದೇ ಒಂದು ಚಂದ. ನೋಡ್ರಿ, ಇದೂ ಒಂದು ಯಂತ್ರವೇ. ಜನರನ್ನು ಒಟ್ಟಿಗೆ ನಿಲ್ಲಿಸುವ ಯಂತ್ರ. ಕಿವಿಗೆ ಇಯರ್‌ಫೋನ್ ಸಿಕ್ಕಿಸುವ ಯಂತ್ರ ಒಬ್ಬೊಬ್ಬರನ್ನೂ ಬೇರೆ ಮಾಡುತ್ತದೆ. ನಮ್ಮ ಜನ ಮ್ಯೂಸಿಯಂಗೆ ಒಬ್ಬರೇ ಹೋಗುವವರಲ್ಲ. ದಾದಿ, ಅಮ್ಮಿ, ಮೂರು ಮಕ್ಕಳು, ಊರಿಂದ ಬಂದ ಫೂಫು, ಹೀಗೆ ಜತ್ತಾ ಕಟ್ಟಿಕೊಂಡೇ ಹೋಗ್ತಾರೆ. ಸಲಕರಣೆ ಮಾಡುವವರು ಈ ಜತ್ತಾವನ್ನು ಎಂದಾದರೂ ನೋಡಿದ್ದಾರಾ ಅಂತ ನನಗೆ ಅನುಮಾನ.

ಇಲ್ಲಿ ಒಂದು ಒಳ್ಳೆಯ ಕೆಲಸವನ್ನು ಹೊಗಳಲೇಬೇಕು. ಪುಣೆಯ ಸಿ-ಡ್ಯಾಕ್‌ನವರು 'ಜತನ್' ಅನ್ನುವ ತಂತ್ರಾಂಶ ಮಾಡಿದ್ದಾರೆ. ದೇಶದ ದೊಡ್ಡ ಮ್ಯೂಸಿಯಂಗಳ ವಸ್ತುಗಳ ಚಿತ್ರ, ವಿವರಗಳು ಅದರ ಮೂಲಕ 'ಮ್ಯೂಸಿಯಮ್ಸ್ ಆಫ್ ಇಂಡಿಯಾ' ಪೋರ್ಟಲ್‌ಗೆ ಬಂದಿವೆ. ಸಾಲಾರ್ ಜಂಗ್ ಕೂಡ ಅದರಲ್ಲಿದೆ. ಚೆನ್ನೈಯಲ್ಲೋ ಮುಂಬೈಯಲ್ಲೋ ಇರುವ ನೀವು ರೈಲು ಹತ್ತದೆ ನೋಡಬಹುದು. ಜತನ ಅನ್ನುವ ಮಾತು ನಮ್ಮ ಕನ್ನಡದಲ್ಲೂ ಇದೆಯಲ್ಲ? ನಮ್ಮ ಮನೆಯಲ್ಲಿ "ಜತನ ಮಾಡಿ ಇಡು" ಅಂದರೆ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ ಇಟ್ಟು, ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಿಡಿ ಅಂತ. ಹೆಸರು ಇಟ್ಟವರಿಗೆ ಸಲಾಂ.

ಆದರೆ ದಾಖಲೆ ಬೇರೆ, ದರ್ಶನ ಬೇರೆ. ವಸ್ತುವಿನ ನಂಬರು, ಲೋಹ, ಉದ್ದಗಲ, ಶತಮಾನ ಇವೆಲ್ಲ ಮ್ಯೂಸಿಯಂನ ಅಧಿಕಾರಿಗೆ ಬೇಕಾದ ವಿವರಗಳು. ಅದನ್ನೇ ತಂದು ನೋಡುಗರ ಮುಂದೆ ಇಟ್ಟು "ಡಿಜಿಟಲ್ ಆಯ್ತು" ಅಂದರೆ, ಹಾಜರಿ ಪುಸ್ತಕ ಕೊಟ್ಟು ಕ್ಲಾಸು ನೋಡಿಕೊಳ್ಳಿ ಅಂದ ಹಾಗೆ. ಹೆಸರುಗಳೆಲ್ಲ ಇವೆ. ಮಕ್ಕಳು ಎಲ್ಲಿ?

ಇನ್ನು ಭಾಷೆ. ಯಂತ್ರಾನುವಾದ ಬಂದ ಮೇಲೆ ಭಾಷೆಯ ಸಮಸ್ಯೆ ಮುಗಿಯಿತು ಅನ್ನುವವರಿದ್ದಾರೆ. ನಾನೂ ಪರೀಕ್ಷೆ ಮಾಡಿದೆ. ಬಿದ್ರಿ ಹುಕ್ಕಾದ ಇಂಗ್ಲಿಷ್ ಚೀಟಿಯ ಫೋಟೋ ತೆಗೆದು ಫೋನಿನ ಅನುವಾದಕ್ಕೆ ಕೊಟ್ಟೆ. ನೀರು ತುಂಬುವ ಆ ಕೆಳಗಿನ ಬುಂಡೆಗೆ ಇಂಗ್ಲಿಷಿನಲ್ಲಿ 'ಹುಕ್ಕಾ ಬೇಸ್' ಅಂತಾರೆ. ಅದು ಕನ್ನಡದಲ್ಲಿ 'ಹುಕ್ಕಾ ನೆಲೆ' ಅಂತ ಬಂತು! ಬೀದರ್‌ನಲ್ಲಿ ವಾಯುನೆಲೆ ಇರುವುದು ನಿಜ. ಹುಕ್ಕಾ ನೆಲೆ ಯಾವಾಗ ಸ್ಥಾಪನೆ ಆಯಿತೋ ದೇವರೇ ಬಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಕ್ಕು ಮುಗಿದ ಮೇಲೆ ಬೇಜಾರಾಯಿತು. ಯಾಕಂದರೆ ಆ ವಸ್ತುವಿಗೆ ನಮ್ಮ ಮನೆಗಳಲ್ಲಿ ಹೆಸರಿದೆ. ಪಾಂದಾನ್, ಉಗಾಲ್ದಾನ್, ಸುರಾಹಿ, ಆಫ್ತಾಬಾ: ಇವೆಲ್ಲ ನಮ್ಮ ದಾದಿ-ನಾನಿಯರ ಬಾಯಲ್ಲಿ ನಿನ್ನೆಯವರೆಗೂ ಇದ್ದ ಮಾತುಗಳು. ಅವು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಯಂತ್ರದ ಕನ್ನಡಕ್ಕೆ ಬಂದು, ನಮ್ಮ ಮಗುವಿನ ಕೈಗೆ ಗುರುತು ಸಿಗದ ಹಾಗೆ ತಲುಪುತ್ತವೆ. ಮನೆಯ ಸಾಮಾನು ಮೆರವಣಿಗೆ ಹೋಗಿ ಪರಕೀಯವಾಗಿ ವಾಪಸ್ ಬಂದ ಹಾಗೆ.

ಒಂದು ಹೊಸ ಭಾಷೆಗೆ ಹೊಸ ಚೀಟಿ ಅಂಟಿಸಲು ಗೋಡೆಯಲ್ಲಿ ಜಾಗ ಬೇಕು. ಧ್ವನಿಗೆ ಜಾಗ ಬೇಡ. ಉರ್ದು, ತೆಲುಗು, ಕನ್ನಡ, ಮರಾಠಿ ನಾಲ್ಕೂ ಮಾತಾಡುತ್ತಿದ್ದ ರಾಜ್ಯದ ವಸ್ತುಗಳ ಮುಂದೆ ಆ ನಾಲ್ಕು ಭಾಷೆಯ ದನಿ ಕೇಳಿಸುವುದು ಡಿಜಿಟಲ್‌ಗೆ ಕಷ್ಟವೇ ಅಲ್ಲ. ದಖ್ಖನಿಯಲ್ಲೂ ಒಂದು ಬೇಕು ಅಂತ ನಾನು ಹಟ ಹಿಡಿಯುತ್ತೇನೆ. ದಖ್ಖನಿಗೆ ಪಠ್ಯಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಮಾತಾಡುವ ಬಾಯಿ ಮಾತ್ರ ಇದೆ. ಬರೆಯುವ ಚೀಟಿಯಲ್ಲಿ ಅದಕ್ಕೆ ಯಾವತ್ತೂ ಜಾಗ ಸಿಗಲಿಲ್ಲ. ಕೇಳುವ ಯಂತ್ರ ಬಂದ ಮೇಲೂ ಸಿಗದಿದ್ದರೆ ಅದು ಯಂತ್ರದ ತಪ್ಪಲ್ಲ.

ಬಿದ್ರಿಯ ವಿಷಯ ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ನೀವು ಅವಸರದಲ್ಲಿದ್ದರೆ ಮುಂದಿನ ಪ್ಯಾರಾಕ್ಕೆ ಹೋಗಬಹುದು, ಆದರೆ ನಿಂತರೆ ನನಗೆ ಖುಷಿ.

ಗಾಜಿನ ಆಚೆ ಇರುವುದು ಒಂದು ಕಪ್ಪು ಪಾತ್ರೆ, ಮೈಮೇಲೆ ಬೆಳ್ಳಿಯ ಹೂಬಳ್ಳಿ. ಚೀಟಿಯಲ್ಲಿ 'ಬಿದ್ರಿ, ಬೀದರ್'. ಚಂದ ಇದೆ ಅಂತ ಮುಂದೆ ಹೋಗ್ತೀರಿ. ಆ ಕಪ್ಪು ಎಲ್ಲಿಂದ ಬಂತು? ಬಣ್ಣ ಬಳಿದದ್ದಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೊರಬಂದಾಗ ಅದು ಮಂಕಾದ ಬೂದು ಲೋಹ. ಅರದಲ್ಲಿ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಗೀರಿದ ಗೆರೆ ಕಾಣಲಿ ಅಂತ. ಆಮೇಲೆ ಕಾರೀಗರ ನೆಲದಲ್ಲಿ ಕೂತು ಪುಟ್ಟ ಉಳಿಯಲ್ಲಿ ಹೂವು ಕೊರೆಯುತ್ತಾನೆ. ಆ ಕೊರೆದ ಕಾಲುವೆಗೆ ಬೆಳ್ಳಿಯ ತಂತಿ, ಬೆಳ್ಳಿಯ ತಗಡು ಇಟ್ಟು ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾನೆ. ಮತ್ತೆ ಉಜ್ಜುತ್ತಾರೆ. ಈಗ ಲೋಹವೂ ಬಿಳಿ, ಬೆಳ್ಳಿಯೂ ಬಿಳಿ, ಇಷ್ಟು ದಿನದ ಕೆಲಸ ಕಣ್ಣಿಗೇ ಕಾಣುವುದಿಲ್ಲ! ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ, ಬಿಸಿ ಮಾಡಿದ ಪಾತ್ರೆಯನ್ನು ಅದ್ದಿ ತಿಕ್ಕುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಮುಚ್ಚಿಹೋಗಿದ್ದ ಹೂವೆಲ್ಲ ಒಮ್ಮೆಲೇ ಅರಳುತ್ತದೆ.

ಆ ಅರಳುವ ಗಳಿಗೆ ಇದೆಯಲ್ಲ, ಅದನ್ನು ಗಾಜಿನ ಪೆಟ್ಟಿಗೆ ತೋರಿಸಲಾರದು. ವಿಡಿಯೋ ತೋರಿಸಬಲ್ಲದು. ಮೂರು ನಿಮಿಷ ಸಾಕು. ಹಿನ್ನೆಲೆಯಲ್ಲಿ ಸಿತಾರ್ ಬೇಡ, ಗಂಭೀರ ಗಂಟಲಿನ ಇಂಗ್ಲಿಷ್ ವಿವರಣೆ ಬೇಡ. ಸುತ್ತಿಗೆಯ ಟಕ್ ಟಕ್, ಕಾರೀಗರರು ತಮ್ಮತಮ್ಮಲ್ಲಿ ಆಡುವ ಮಾತು, ಅಷ್ಟು ಸಾಕು. ಇದೇ ನಾನು ಹೇಳುವ ಕನ್ನಡಿ. ವಸ್ತುವಿನ ಹಿಂಬದಿ ತೋರಿಸುವುದು. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಮಕ್ಕಳು ಅವರ ಫೋಟೋವನ್ನು ಸ್ಟೇಟಸ್‌ಗೆ ಹಾಕಿಕೊಂಡರು. ಅವರಲ್ಲಿ ಎಷ್ಟೋ ಮಕ್ಕಳಿಗೆ ಬಿದ್ರಿ ಅಂದರೆ ಈಗಲೂ ಮಾಡುವ ಕೆಲಸ ಅಂತಲೇ ಗೊತ್ತಿರಲಿಲ್ಲ. ಮ್ಯೂಸಿಯಂನಲ್ಲಿ ಇರುವುದೆಲ್ಲ ಸತ್ತವರ ಸಾಮಾನು ಅಂದುಕೊಂಡಿದ್ದರು. ತಪ್ಪು ಮಕ್ಕಳದಾ, ಹೇಳಿ?

ಇದರ ಜೊತೆಗೇ ಇನ್ನೊಂದು ಸಣ್ಣ ಆಸೆ. ಇದು ಡಿಜಿಟಲ್ ಕೂಡ ಅಲ್ಲ. ಒಂದೇ ತಟ್ಟೆಯ ಐದು ಹಂತಗಳನ್ನು, ಎರಕದಿಂದ ಕಪ್ಪಿನವರೆಗೆ, ಬೀದರ್‌ನ ಕಾರೀಗರರಿಂದಲೇ ಮಾಡಿಸಿ ಗಾಜಿನ ಹೊರಗೆ ಇಡಬೇಕು. ಮುಟ್ಟಲು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2015ರಲ್ಲಿ 'ಅನುಭವ್' ಅಂತ ಒಂದು ವಿಭಾಗ ತೆರೆದರು. ಕಣ್ಣು ಕಾಣದವರಿಗಾಗಿ ಮುಟ್ಟಿ ನೋಡುವ ಪ್ರತಿಕೃತಿಗಳು, ಬ್ರೈಲ್ ಬರಹ, ಧ್ವನಿ ವಿವರಣೆ. ಇಂಥದ್ದು ಕಣ್ಣಿದ್ದವರಿಗೂ ಬೇಕು. ಟಚ್ ಸ್ಕ್ರೀನ್‌ಗೆ 'ಟಚ್' ಅಂತ ಹೆಸರಿದೆ, ನಿಜ. ಆದರೆ ಅದರಲ್ಲಿ ಹೂವು ಮುಟ್ಟಿದರೂ ಗಾಜು, ಕತ್ತಿ ಮುಟ್ಟಿದರೂ ಗಾಜೇ.

ಪರದೆಯನ್ನು ಇಷ್ಟು ಬೈದ ಮೇಲೆ, ಅದನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲದ ಜಾಗವನ್ನೂ ಹೇಳಬೇಕು. ಅದು ಹಸ್ತಪ್ರತಿ. ಸಾಲಾರ್ ಜಂಗ್‌ನಲ್ಲಿ ಯಾಕೂತ್ ಅಲ್-ಮುಸ್ತಾಸಿಮಿಯ ಕೈಬರಹದ ಕುರಾನ್ ಇದೆ. ಯಾಕೂತ್ ಬಾಗ್ದಾದಿನ ಕೊನೆಯ ಅಬ್ಬಾಸಿ ಖಲೀಫನ ಕಾಲದ ಖತ್ತಾತ್. 1258ರಲ್ಲಿ ಮಂಗೋಲರು ಬಾಗ್ದಾದನ್ನು ಸುಟ್ಟದ್ದನ್ನು ಕಂಡು, ಆಮೇಲೆ ನಲವತ್ತು ವರ್ಷ ಬದುಕಿದವರು. ಕಲಮಿನ ಮೊನೆಯನ್ನು ಓರೆಯಾಗಿ ಕತ್ತರಿಸಿ ಅಕ್ಷರಕ್ಕೆ ಹೊಸ ಬಳುಕು ಕೊಟ್ಟವರು ಅಂತ ಅವರ ಖ್ಯಾತಿ. ಈ ಪ್ರತಿಯ ಮೇಲೆ ಜಹಾಂಗೀರ್, ಶಾಜಹಾನ್, ಔರಂಗಜೇಬ್ ಮೂವರ ಸಹಿಯೂ ಇದೆ. ಅಂದರೆ ಬಾಗ್ದಾದಿನಿಂದ ಆಗ್ರಾ, ದೆಹಲಿ ಸುತ್ತಿ ಮೂಸಿಯ ದಂಡೆಗೆ ಬಂದ ಪುಸ್ತಕ. ಏಳುನೂರು ವರ್ಷದ ಪಯಣ!

ಈಗ ಗಾಜಿನ ಪೆಟ್ಟಿಗೆಯ ಕಷ್ಟ ನೋಡಿ. ಪುಸ್ತಕವನ್ನು ಒಂದೇ ಕಡೆ ತೆರೆದಿಡಲು ಸಾಧ್ಯ. ಎರಡು ಪುಟ ಕಾಣುತ್ತದೆ, ಉಳಿದದ್ದೆಲ್ಲ ಅದರ ಕೆಳಗೆ. ಬೆಳಕು ಜಾಸ್ತಿ ಬಿದ್ದರೆ ಶಾಯಿ, ಬಣ್ಣ ಹಾಳು. ಹಸ್ತಪ್ರತಿಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೇಡ ಅಂತ ಸಂರಕ್ಷಣೆಯವರ ನಿಯಮ, ನಮ್ಮ ಹಜಾರದ ಟ್ಯೂಬ್‌ಲೈಟಿಗಿಂತ ಎಷ್ಟೋ ಮಂಕು. ಆ ಮಬ್ಬಿನಲ್ಲಿ, ಗಾಜಿನಲ್ಲಿ ನಮ್ಮದೇ ಮುಖದ ನೆರಳು ಬಿದ್ದು, ಸಹಿ ಯಾವುದು ಆಯತ್ ಯಾವುದು ತಿಳಿಯದು. ಇಲ್ಲಿ ಡಿಜಿಟಲ್ ಚಿತ್ರ ನಿಜವಾದ ಉಪಕಾರ ಮಾಡಬಲ್ಲದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯವರು 1990ರ ದಶಕದಲ್ಲೇ 'ಟರ್ನಿಂಗ್ ದಿ ಪೇಜಸ್' ಅಂತ ಶುರು ಮಾಡಿದರು. ಪರದೆಯ ಮೇಲೆ ಬೆರಳಾಡಿಸಿದರೆ ಹಳೆಯ ಪುಸ್ತಕದ ಪುಟ ಮಗುಚುತ್ತದೆ. ಕೈರೋದಲ್ಲಿ 1304ರಿಂದ 1306ರ ನಡುವೆ ಬರೆದ, ಏಳು ಸಂಪುಟದ ಸುಲ್ತಾನ್ ಬೈಬರ್ಸನ ಕುರಾನ್‌ನ ಪುಟಗಳನ್ನೂ ಹಾಗೆ ಮಗುಚಬಹುದಿತ್ತು. ಇಪ್ಪತ್ತೈದು ವರ್ಷಕ್ಕೂ ಹಳೆಯ ತಂತ್ರ ಇದು, ಇವತ್ತಿನ ಸಾದಾ ಫೋನಿಗೂ ಭಾರವಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ಕೇಳಿ, "ಹಾಗಾದರೆ ಸ್ಕ್ರೀನ್ ಮುಟ್ಟಲು ವುಜೂ ಬೇಕಾ ಟೀಚರ್?" ಅಂದಳು. ಮೌಲಾನಾ ಸಾಹೇಬರನ್ನು ಕೇಳು ಅಂತ ತಪ್ಪಿಸಿಕೊಂಡೆ. ಆದರೆ ಆ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಪರದೆಯ ಆಚೆ ಏನಿದೆ ಅನ್ನುವುದನ್ನು ಅವಳು ಮರೆತಿರಲಿಲ್ಲ.

ಪುಟ ಮಗುಚಿದರಷ್ಟೇ ಸಾಲದು. ಇದು ಜಹಾಂಗೀರನ ಸಹಿ, ಇಲ್ಲಿಂದ ಇಲ್ಲಿಯವರೆಗೆ, ಅಂತ ಬೆರಳಿಟ್ಟು ತೋರಿಸಬೇಕು. ಅಲಿಫ್‌ನ ಎತ್ತರ ಎಷ್ಟು ಚುಕ್ಕಿ ಅಂತ ಎಣಿಸಿ ತೋರಿಸಬೇಕು. ನಮ್ಮ ಮಕ್ಕಳು ಮದರಸಾದಲ್ಲಿ ಅಕ್ಷರ ಕಲಿತಿರುತ್ತಾರೆ, ಆದರೆ ಅಕ್ಷರವನ್ನು ಚಿತ್ರದ ಹಾಗೆ ನೋಡಲು ಯಾರೂ ಕಲಿಸಿರುವುದಿಲ್ಲ. ಅದನ್ನು ಕಲಿಸಲು ಮ್ಯೂಸಿಯಂಗಿಂತ ಒಳ್ಳೆ ಜಾಗ ಇಲ್ಲ.

ಈಗ ನನಗೆ ಕಸಿವಿಸಿ ಮಾಡಿದ ಒಂದು ಪ್ರಯೋಗದ ಮಾತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರ್‌ನಲ್ಲಿ, ಮೊದಲು ಆನ್‌ಲೈನ್‌ನಲ್ಲೇ ಬಾಗಿಲು ತೆರೆಯಿತು. ಕಟ್ಟಡ ತೆರೆದದ್ದು 2023ರ ಫೆಬ್ರವರಿಯಲ್ಲಿ. ಡಿಜಿಟಲ್ ಅನ್ನು ಅಲಂಕಾರ ಅಂದುಕೊಳ್ಳದೆ ಬುನಾದಿ ಅಂದುಕೊಂಡ ಸಂಸ್ಥೆ ಅದು, ಗೌರವ ಇದೆ. ಅವರು ಅಕ್ಸೆಂಚರ್ ಕಂಪನಿಯ ಜೊತೆ ಸೇರಿ ಒಬ್ಬ ಡಿಜಿಟಲ್ ಎಂ.ಎಫ್. ಹುಸೇನರನ್ನು ಮಾಡಿದರು. ಬಿಳಿ ಗಡ್ಡದ ಮುದುಕರು ಪರದೆಯಲ್ಲಿ ನಿಂತು ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಅಮೆರಿಕದ ಫ್ಲೋರಿಡಾದ ಡಾಲಿ ಮ್ಯೂಸಿಯಂನವರು 2019ರಲ್ಲಿ ಸಾಲ್ವಡೋರ್ ಡಾಲಿಯನ್ನು ಹೀಗೇ ಎಬ್ಬಿಸಿದ್ದರು. ಮಕ್ಕಳಿಗೆ ಖುಷಿ ಕೊಡುವ ಸಂಗತಿ, ಒಪ್ಪುತ್ತೇನೆ.

ಆದರೆ ಹುಸೇನ್ ಡಾಲಿ ಅಲ್ಲ. ಪಂಢರಪುರದಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದು, ಬರಿಗಾಲಲ್ಲಿ ಜಗತ್ತು ಸುತ್ತಿದ ಮನುಷ್ಯ. ನಮ್ಮ ಹೈದರಾಬಾದಿನಲ್ಲೂ 'ಸಿನೆಮಾ ಘರ್' ಅಂತ ಒಂದು ಮ್ಯೂಸಿಯಂ ಕಟ್ಟಿದ್ದರು, ಈಗ ಅದಿಲ್ಲ. 2006ರಲ್ಲಿ ದೇಶ ಬಿಟ್ಟರು, 2010ರಲ್ಲಿ ಕತಾರ್‌ನ ಪೌರತ್ವ ತೆಗೆದುಕೊಂಡರು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡು ಇಂಗ್ಲೆಂಡಿನಲ್ಲೇ ಮಣ್ಣಾದರು. ತೊಂಬತ್ತು ದಾಟಿದ ಮುದುಕ ತನ್ನ ಮನೆಗೆ ಬರಲಾಗದೆ ಹೋದ ಕಥೆ ಇದು. ನಮ್ಮ ಹುಡುಗನೊಬ್ಬ ಆ ಪರದೆಯ ಮುಂದೆ ನಿಂತು, "ದಾದಾ, ನೀವು ಯಾಕೆ ಹೋದಿರಿ?" ಅಂತ ಕೇಳಿದ ಅಂದುಕೊಳ್ಳಿ. ಕೇಳೇ ಕೇಳ್ತಾನೆ. ಆಗ ಉತ್ತರ ಕೊಡುವವರು ಯಾರು? ಪರದೆಯ ಮುಖ 'ನಾನು' ಅನ್ನುತ್ತದೆ. ಆ 'ನಾನು'ವಿನ ಮಾತನ್ನು ಆರಿಸಿದವರು ಬೇರೆ ಯಾರೋ. ಹುಸೇನರು ಎಂದೋ ಯಾವುದೋ ಸಂದರ್ಶನದಲ್ಲಿ ನಿಜವಾಗಿ ಆಡಿದ ಮಾತಾದರೆ ಅದರ ವರ್ಷ, ಜಾಗವನ್ನು ಕೆಳಗೆ ಬರೆಯಿರಿ. ಆಡದ ಮಾತಾದರೆ ಮುದುಕರು ಸುಮ್ಮನೆ ಕುಂಚ ಎತ್ತಿಕೊಳ್ಳಲಿ. ನನಗಂತೂ ಯಂತ್ರದ ಹುಸೇನರ ನೂರು ಉತ್ತರಕ್ಕಿಂತ, ಅವರದೇ ದನಿಯ ಹಳೆಯ ಕೆಮ್ಮು ಸಮೇತ ಇರುವ ಎರಡು ನಿಮಿಷದ ಧ್ವನಿಮುದ್ರಣ ಹೆಚ್ಚು. ಮ್ಯೂಸಿಯಂ ಅಂದರೆ ಸಾಕ್ಷಿಯ ಮನೆ. ಸಾಕ್ಷಿಯ ಬಾಯಿಗೆ ಮಾತು ತುರುಕಿದರೆ ಕೋರ್ಟಿನಲ್ಲೂ ಒಪ್ಪುವುದಿಲ್ಲ.

ಪ್ರಶ್ನೆಗೆ ಉತ್ತರ ಕೊಡುವ ಬೇರೆ ಬಗೆಯೂ ಇದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ 2015ರಲ್ಲಿ 'ಆಸ್ಕ್' ಅಂತ ಒಂದು ಆ್ಯಪ್ ತಂದಿತ್ತು. ನೀವು ಒಂದು ಚಿತ್ರದ ಮುಂದೆ ನಿಂತು ಪ್ರಶ್ನೆ ಟೈಪ್ ಮಾಡಿದರೆ, ಮ್ಯೂಸಿಯಂನಲ್ಲೇ ಕೂತ, ಕಲೆ ಓದಿದ ಮನುಷ್ಯರು ಆಗಲೇ ಉತ್ತರ ಬರೆಯುತ್ತಿದ್ದರು. ಫೋನು ಬರೀ ಚೀಟಿ ಒಯ್ಯುವ ಹುಡುಗ, ಮಾತು ಮನುಷ್ಯರದು. ನಮ್ಮಲ್ಲಿ ಇದು ಆಗದ ಮಾತಾ? ಹೈದರಾಬಾದಿನಲ್ಲಿ, ಬೀದರ್‌ನಲ್ಲಿ, ಬಿಜಾಪುರದಲ್ಲಿ ಫಾರ್ಸಿ ಓದಬಲ್ಲ ನಿವೃತ್ತ ಮೇಷ್ಟ್ರುಗಳು ಮನೆಯಲ್ಲಿ ಕೂತು ಪೇಪರ್ ಮಡಚುತ್ತಿದ್ದಾರೆ. ಉರ್ದುವಿನಲ್ಲಿ, ಕನ್ನಡದಲ್ಲಿ ಎಂ.ಎ. ಮಾಡಿ ಕೆಲಸ ಸಿಗದ ನಮ್ಮ ಹುಡುಗಿಯರು ಟ್ಯೂಷನ್ ಹೇಳಿಕೊಂಡಿದ್ದಾರೆ. ಪರದೆಗೆ ಕೊಡುವ ಹಣದಲ್ಲಿ ಸ್ವಲ್ಪ ಇವರಿಗೆ ಕೊಟ್ಟು ನೋಡಲಿ. ಕಾಲೇಜಿನಲ್ಲಿ ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಅರ್ಜಿ ಹಾಕುವ ದಿನ ಬರಲಿ ಅಂತ ನನ್ನ ಆಸೆ.

ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ ಅಂತ, ಆ ಮ್ಯೂಸಿಯಂನಿಂದ ಬಂದ ವಾರ ಮಕ್ಕಳಿಗೆ ಒಂದು ಮನೆಕೆಲಸ ಕೊಟ್ಟೆ. ಮನೆಯಲ್ಲಿರುವ ಒಂದು ಹಳೆಯ ವಸ್ತು ಹುಡುಕಿ, ಅದನ್ನು ಬಳಸಿದವರ ಪಕ್ಕ ಕೂತು, ಅಮ್ಮಿಯ ಫೋನಿನಲ್ಲಿ ಒಂದೇ ನಿಮಿಷ ಅವರ ಮಾತನ್ನು ರೆಕಾರ್ಡ್ ಮಾಡಿ ತನ್ನಿ. ಯಾವ ಭಾಷೆಯಾದರೂ ಸರಿ. ಇಪ್ಪತ್ತೆರಡು ಬಂದವು. ಕೆಲವು ಬರೀ ಗದ್ದಲ, ಕುಕ್ಕರ್ ಸೀಟಿ. ಒಬ್ಬಳು ಅಬ್ಬಾನ ಹಳೆ ರೇಡಿಯೋ ತಂದಳು. ಒಬ್ಬ ಮಸಾಲೆ ಕುಟ್ಟುವ ಒರಳು. ಫೋನು ಅಲ್ಲಾಡಿಸಿ "ಕುಚ್ ಬೀ ನೈ ಆರಾ" ಅಂದಿದ್ದನಲ್ಲ, ಆ ಹುಡುಗ ಬೀದರ್‌ನಲ್ಲಿರುವ ತನ್ನ ನಾನಿಗೆ ಫೋನ್ ಮಾಡಿ ಅವರ ಬಿದ್ರಿ ಪಾಂದಾನಿನ ಬಗ್ಗೆ ಕೇಳಿದ್ದ. ಮದುವೆಯಲ್ಲಿ ಬಂದದ್ದು, ಒಳಗೆ ಎಷ್ಟು ಖಾನೆ, ಸುಣ್ಣ ಎಲ್ಲಿ, ಕಾಚು ಎಲ್ಲಿ, ಕಪ್ಪು ಮಾಸದಿರಲು ಎರಡು ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಹೇಗೆ ತಿಕ್ಕಬೇಕು, ಎಲ್ಲ ಹೇಳಿದ್ದರು. ಮ್ಯೂಸಿಯಂನಲ್ಲೂ ನಿನ್ನಂಥದ್ದೇ ಪಾಂದಾನ್ ಇದೆ ನಾನಿ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಅಂತ ಇವನು ಹೇಳುತ್ತಾನೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ನಾನಿ ಕೇಳುತ್ತಾರೆ: "ಅದಕ್ಕ ಎಣ್ಣಿ ಯಾರು ಹಚ್ತಾರ ಬೇಟಾ?"